ಎರಡನೆಯ ಸೀಟಿನ ಅಳತೆ

ಆಗೆಲ್ಲ ನಮ್ಮ ಮನೆಯಲ್ಲಿ ಭಾನುವಾರಕ್ಕೆ ಒಂದು ವಾಸನೆ ಇತ್ತು, ಥಿನ್ನರಿನ ವಾಸನೆ. ನಿಮ್ಮಲ್ಲಿ ಹಲವರಿಗೆ ಭಾನುವಾರ ಎಂದರೆ ಎಣ್ಣೆಸ್ನಾನ, ಸೀಗೆಕಾಯಿ, ಮಧ್ಯಾಹ್ನದ ನಿದ್ದೆ ನೆನಪಾಗಬಹುದು. ನನಗೆ ಇವತ್ತಿಗೂ ಯಾರಾದರೂ ತಮ್ಮ ಮನೆಯ ಗೇಟಿಗೆ ಬಣ್ಣ ಹಚ್ಚುತ್ತಿದ್ದರೆ ಅಲ್ಲೇ ಒಂದು ಗಳಿಗೆ ನಿಂತುಬಿಡಬೇಕು ಅನಿಸುತ್ತದೆ. ಆಮೇಲೆ ಮುಂದೆ ಹೋಗುತ್ತೇನೆ.

ಅಪ್ಪ ಹುಬ್ಬಳ್ಳಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಸೋಮವಾರದಿಂದ ಶನಿವಾರದವರೆಗೆ ಹೂಜಿ, ಬಾಳೆಹಣ್ಣು, ದಾಸವಾಳ. ಭಾನುವಾರ ಮಾತ್ರ ಕಾರು. ಧಾರವಾಡದಲ್ಲಿ ಓದುತ್ತಿದ್ದಾಗ ರದ್ದಿ ಅಂಗಡಿಯಲ್ಲಿ ಸಿಕ್ಕ ಪರದೇಶದ ಮಾಸಪತ್ರಿಕೆಯ ಒಂದು ಹಾಳೆ ಅವನ ಟ್ರಂಕಿನಲ್ಲಿತ್ತು. ಅದರಲ್ಲಿ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಂತಿದ್ದ, ಎರಡೇ ಸೀಟಿನ, ಮೇಲೆ ಛಾವಣಿಯಿಲ್ಲದ ಒಂದು ಕಾರಿನ ಚಿತ್ರ. ಯಾರ ಮನೆಯ ಮದುವೆಗೆ ಹೋದರೂ ಅಪ್ಪನ ಮಾತು ಸುತ್ತಿ ಬಳಸಿ ಆ ಕಾರಿಗೇ ಬಂದು ನಿಲ್ಲುತ್ತಿತ್ತು. ಅಂಥದನ್ನು ಕೊಳ್ಳುವುದು ಆಗದ ಮಾತು ಎಂದು ಅವನಿಗೂ ಗೊತ್ತಿತ್ತು. ಅದಕ್ಕೇ ಕಟ್ಟುತ್ತೇನೆ ಎಂದು ಹೊರಟ.

"ಹುಚ್ಚು ಬಿಡೂತನಕ ಮದಿವಿ ಆಗೂದಿಲ್ಲ, ಮದಿವಿ ಆಗೂತನಕ ಹುಚ್ಚು ಬಿಡೂದಿಲ್ಲ ಅಂತಾರ," ಎನ್ನುತ್ತಿದ್ದಳು ಅವ್ವ, ರೊಟ್ಟಿ ಬಡಿಯುತ್ತ. "ಇವರಿಗೆ ಮದಿವಿನೂ ಆತು, ಹುಚ್ಚೂ ಉಳೀತು."

ಕಾರು ಹುಟ್ಟಿದ್ದು ಹಳೇ ಹುಬ್ಬಳ್ಳಿಯ ಒಂದು ಓಣಿಯ ಕೊನೆಯಲ್ಲಿ, ದಾದಾಪೀರ್ ಕಾಕಾನ ಶೆಡ್ಡಿನಲ್ಲಿ. ಗುದ್ದಿಸಿಕೊಂಡು ಬಂದ ಗಾಡಿಗಳ ನೆಗ್ಗಿದ ತಗಡನ್ನು ಬಡಿದು ನೆಟ್ಟಗೆ ಮಾಡಿ ಬಣ್ಣ ಹೊಡೆಯುವುದು ಕಾಕಾನ ಕಸುಬು. ಅಪ್ಪ ತನ್ನ ಸ್ಕೂಟರಿನ ನೆಗ್ಗು ತೆಗೆಸಲು ಹೋದವನು ಅಲ್ಲೇ ಕೂತು ಬೀಡಿ ಕಟ್ಟಿನ ಹಿಂದೆ ಕಾರಿನ ಚಿತ್ರ ಬರೆದು ತೋರಿಸಿದನಂತೆ. ಕಾಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಆಗತೈತಿ ಮಾಸ್ತರ್ರ. ಆದ್ರ ಲಗೂ ಆಗಂಗಿಲ್ಲ," ಎಂದನಂತೆ. ಅಲ್ಲಿಂದ ನಾಲ್ಕು ವರ್ಷ ಚಿಲ್ಲರೆ ನಮ್ಮ ಭಾನುವಾರಗಳೆಲ್ಲ ಅಲ್ಲೇ ಕಳೆದವು.

ನಮ್ಮ ಅಂದರೆ ಅಪ್ಪನವು ಮತ್ತು ನನ್ನವು. ತಂಗಿ ರತ್ನಾ ಆಗ ತೀರ ಸಣ್ಣವಳು, ನನಗಿಂತ ನಾಲ್ಕು ವರ್ಷಕ್ಕೂ ಹೆಚ್ಚು ಚಿಕ್ಕವಳು. ಅವಳು ಅವ್ವನ ಸೆರಗಿಗೆ ಗಂಟುಬಿದ್ದಿರುತ್ತಿದ್ದಳು. ನಾನು ಮಾತ್ರ ಗೋಪನಕೊಪ್ಪದ ನಮ್ಮ ಮನೆಯಿಂದ ಅಪ್ಪನ ಸ್ಕೂಟರಿನ ಮುಂದೆ ನಿಂತು ಹೊರಡುತ್ತಿದ್ದೆ. ದಾರಿಯಲ್ಲಿ ಗಿರ್ಮಿಟ್ಟು, ಎರಡು ಮಿರ್ಚಿ. ಅಪ್ಪ ಮಿರ್ಚಿಯ ಖಾರದ ತುದಿ ತಾನು ತಿಂದು ಬರೀ ಹಿಟ್ಟಿನ ಭಾಗ ನನಗೆ ಕೊಡುತ್ತಿದ್ದ.

ಸೀಟಿನ ಅಳತೆ ತೆಗೆದ ದಿನ ನನಗೆ ಒಂಬತ್ತು ವರ್ಷ. ಅಪ್ಪ ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ಕಾರನ್ನು ಬರೆದಿದ್ದ, ಇರಬೇಕಾದಷ್ಟೇ ಉದ್ದ, ಇರಬೇಕಾದಷ್ಟೇ ಅಗಲ. ಬಲಗಡೆ ತಾನು ಕಾಲು ಚಾಚಿ ಕೂತು ಕಾಕಾನ ಊಟದ ತಾಟನ್ನು ಸ್ಟೇರಿಂಗಿನಂತೆ ಹಿಡಿದಿದ್ದ. ಎಡಗಡೆ ಖಾಲಿ ಇತ್ತು.

"ಎರಡನೇ ಸೀಟು ಯಾರದು ಮಾಸ್ತರ್ರ?" ಕಾಕಾ ಕೇಳಿದ. "ವೈನಿಯವರದೇನು?"

"ಅಕಿಗೆ ಗಾಡಿ ಅಂದ್ರ ವಾಂತಿ," ಅಂದ ಅಪ್ಪ. "ಅದು ಸುಮಿದು."

ಅಷ್ಟು ಸಲೀಸಾಗಿ ಅಂದುಬಿಟ್ಟ. ನನ್ನ ಕಿವಿ ಬಿಸಿಯಾದವು. ಮನೆಯಲ್ಲಿ ನನ್ನದು ಅಂತ ಏನಿತ್ತು? ಕಂಪಾಸು ಪೆಟ್ಟಿಗೆ, ಒಂದು ಜೊತೆ ಗೆಜ್ಜೆ. ಈಗ ಕಾರಿನ ಅರ್ಧ ನನ್ನದಾಗಿತ್ತು.

ಕಾಕಾ ಟೇಪು ಮುಟ್ಟುತ್ತಿರಲಿಲ್ಲ. "ಟೇಪು ಅಂಕಿ ಹೇಳತೈತಿ, ದಾರ ಮೈ ಹೇಳತೈತಿ," ಎನ್ನುತ್ತಿದ್ದ. ಮೇಣ ತಿಕ್ಕಿದ ಒಂದು ಗಟ್ಟಿ ದಾರ ತಂದು, ಗೆರೆಯೊಳಗೆ ಮಣೆ ಹಾಕಿ ನನ್ನನ್ನು ಕೂಡಿಸಿದ. ಬೆನ್ನಿನಿಂದ ಮೊಣಕಾಲಿಗೆ ದಾರ ಹಿಡಿದು ಒಂದು ಗಂಟು. ಮೊಣಕಾಲಿನಿಂದ ಹಿಮ್ಮಡಿಗೆ ಇನ್ನೊಂದು. ಸೊಂಟದಿಂದ ಭುಜಕ್ಕೆ ಮತ್ತೊಂದು. ಅವನ ಬೆರಳುಗಳಿಗೆ ಬೆಂಕಿಯ, ಕಬ್ಬಿಣದ ವಾಸನೆ ಇತ್ತು. ಗಂಟು ಹಾಕುವಾಗಲೆಲ್ಲ ಏನೋ ಗುಟ್ಟು ಹೇಳುವವನಂತೆ ತುಟಿ ಅಲ್ಲಾಡಿಸುತ್ತಿದ್ದ. ಮುಗಿದ ಮೇಲೆ ದಾರವನ್ನು ಗೋಡೆಯ ಒಂದು ಮೊಳೆಗೆ ನೇತುಹಾಕಿ, "ಇದು ಸುಮವ್ವನ ಮೊಳಿ. ಯಾರೂ ಮುಟ್ಟಬ್ಯಾಡ್ರಿ," ಅಂದ. ಶೆಡ್ಡಿನಲ್ಲಿ ನಮ್ಮ ಮೂವರ ಹೊರತು ಬೇರೆ ಯಾರೂ ಇರಲಿಲ್ಲ.

ಆಮೇಲೆ ಕೆಲಸ ನಡೆಯಿತು ನೋಡಿ, ಅಳೆದೂ ಸುರಿದೂ. ಎಲ್ಲಿಂದಲೋ ಹಳೆಯ ಜೀಪಿನ ಚಾಸಿ ಬಂತು. ಇನ್ನೆಲ್ಲಿಂದಲೋ ಟ್ಯಾಕ್ಸಿಯ ಇಂಜಿನ್ ಬಂತು. ಕಾಕಾ ಉಸುಕು ತುಂಬಿದ ಚರ್ಮದ ಚೀಲದ ಮೇಲೆ ತಗಡು ಇಟ್ಟು ಕಟ್ಟಿಗೆಯ ಸುತ್ತಿಗೆಯಿಂದ ಬಡಿಯುತ್ತಿದ್ದ. ಧಪ್, ಧಪ್, ತಿರುಗಿಸು, ಧಪ್. ನಾನು ಓಣಿಯ ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದರೆ ಆ ತಾಳಕ್ಕೆ ಸರಿಯಾಗಿ ಕಾಲು ಬೀಳುತ್ತಿತ್ತು. ಮೂರು ಭಾನುವಾರ ಬಡಿದು ಒಂದು ಮಡ್‌ಗಾರ್ಡು ಆದರೆ ಅಪ್ಪ ದೂರ ಹೋಗಿ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. "ಇಲ್ಲೆ ಒಂಚೂರು ಹೊಟ್ಟಿ ಹೆಚ್ಚಾಗೇತಿ." ಬೇರೆ ಗಿರಾಕಿಯಾಗಿದ್ದರೆ ಕಾಕಾ ಸುತ್ತಿಗೆ ಬೀಸಿ ಒಗೆಯುತ್ತಿದ್ದನೇನೋ. ಅಪ್ಪನಿಗೆ ಮಾತ್ರ, "ಖರೇ ಐತ್ರಿ," ಅಂದು ಮತ್ತೆ ಮೊದಲಿಂದ ಶುರುಮಾಡುತ್ತಿದ್ದ. ಬಣ್ಣ ಯಾವುದು ಅನ್ನುವುದಕ್ಕೇ ಒಂದು ಚಳಿಗಾಲ ಹೋಯಿತು. ಕಡೆಗೆ ಅಪ್ಪ ಅವ್ವನ ಡಬ್ಬಿಯಿಂದ ಒಂದು ಬ್ಯಾಡಗಿ ಮೆಣಸಿನಕಾಯಿ ಒಯ್ದು ಗೋಡೆಗೆ ಚುಚ್ಚಿ, "ಇದು," ಅಂದ.

ಕಾಕಾ ಇಂಥ ಕೆಲಸ ಮೊದಲೂ ಮಾಡಿದ್ದ. ಹತ್ತಿಯ ವ್ಯಾಪಾರಸ್ಥರೊಬ್ಬರ ಮಗನಿಗೆ ಒಂದು, ಡಾಕ್ಟರೊಬ್ಬರಿಗೆ ಒಂದು. ಚಹಾ ಕುಡಿಯುತ್ತ ಒಂದು ದಿನ ಹೇಳಿದ.

"ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ ಮಾಸ್ತರ್ರ. ಇಂಥಾ ಗಾಡಿ ಮಾಡಿಸಿದವರು ಯಾರೂ ವರ್ಷಗಟ್ಟಲೆ ಇಟ್ಕೊಂಡಿದ್ದು ನಾ ನೋಡಿಲ್ಲ. ಎಲ್ಲಾರೂ ಮಾರ್ಯಾರ."

"ಯಾಕ?" ಅಪ್ಪ ಕೇಳಿದ.

"ನನಗೇನ್ ಗೊತ್ತು? ಮನಿ ಕಟ್ಟಿದವರು ಮನ್ಯಾಗ ಇರತಾರ. ಗಾಡಿ ಕಟ್ಟಿದವರಿಗೆ ಕಟ್ಟೂತನಕ ಅಷ್ಟ ಅದು ಮನಿ ಇದ್ದಂಗ. ಮುಗೀತು ಅಂದ್ರ ಹೊರಗ ಬಿದ್ದಂಗ ಆಗತೈತೇನೋ."

"ನಾ ಮಾರಂಗಿಲ್ಲಪಾ," ಅಂದ ಅಪ್ಪ. ನನ್ನ ಕಡೆ ನೋಡಿ ನಕ್ಕ. "ಅರ್ಧಾ ಗಾಡಿ ಇಕಿದು. ಇಕಿನ್ನ ಕೇಳದ ಹೆಂಗ ಮಾರಲಿ?"

ಆ ನಗು ನನಗೆ ಪೂರ್ತಿ ನೆನಪಿದೆ.

ಪ್ರತಿ ಜೂನಿನಲ್ಲಿ ಶಾಲೆ ಶುರುವಾಗುವ ಮೊದಲು ಅವ್ವ ನನ್ನ ಲಂಗದ ಅಂಚಿನ ಮಡಿಕೆ ಬಿಚ್ಚುತ್ತಿದ್ದಳು. ಹೊಲಿಸುವಾಗಲೇ ಟೇಲರನಿಗೆ ನಾಲ್ಕು ಬೆರಳು ಒಳಗೆ ಮಡಚಲು ಹೇಳಿರುತ್ತಿದ್ದಳು. ಒಂದು ವರ್ಷಕ್ಕೆ ಎರಡು ಬೆರಳು, ಮರುವರ್ಷಕ್ಕೆ ಇನ್ನೆರಡು. ಬಿಚ್ಚಿದ ಕಡೆ ಹಳೆಯ ಬಣ್ಣದ ಒಂದು ಪಟ್ಟಿ ಕಾಣುತ್ತಿತ್ತು. ನಾಲ್ಕು ಜೂನ್ ಹೀಗೆ ಹೋದವು. ಶೆಡ್ಡಿನ ಮೊಳೆಯ ಮೇಲೆ ನನ್ನ ದಾರ ಧೂಳು ತಿನ್ನುತ್ತ ತೂಗುತ್ತಿತ್ತು. ಅಪ್ಪನಿಗಾಗಲಿ ಕಾಕಾನಿಗಾಗಲಿ, ವಾರವಾರ ಶೆಡ್ಡಿಗೆ ಬಂದು ಮೊಳೆಯ ಕೆಳಗೇ ನಿಲ್ಲುತ್ತಿದ್ದ ನನಗಾಗಲಿ ಏನೂ ಹೊಳೆಯಲಿಲ್ಲ. ದೊಡ್ಡ ಜಾಣರು ನಾವು ಮೂವರೂ.

ನನ್ನ ಎಂಟನೆಯ ವರ್ಗದ ಪರೀಕ್ಷೆ ಮುಗಿದ ವಾರ ಕಾರು ಮುಗಿಯಿತು. ಯುಗಾದಿ ಆಗಿ ಕೆಲವು ದಿನ, ಬಾಯಲ್ಲಿ ಇನ್ನೂ ಬೇವಿನ ಕಹಿ. ಅವತ್ತು ಅವ್ವ, ರತ್ನಾ ಕೂಡ ಬಂದಿದ್ದರು. ಕಾಕಾ ಹೊದಿಕೆ ಎಳೆದ. ನಾನು ಅದನ್ನು ತುಂಡು ತುಂಡಾಗಿ ನೂರು ಸಲ ನೋಡಿದವಳು, ಆದರೂ ಉಸಿರು ನಿಂತಿತು. ಮೆಣಸಿನಕಾಯಿಯ ಆ ಕೆಂಪು ಬಿಸಿಲಿಗೆ ಒದ್ದೆಯಾದಂತೆ ಕಾಣುತ್ತಿತ್ತು. ಅವ್ವ ಕೂಡ ಗಾದೆ ಮರೆತು, "ಛಲೋ ಆಗೇತ್ರಿ," ಅಂದಳು. ಕಾಯಿ ಒಡೆದರು, ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟರು. ಕಾಕಾ ತನ್ನ ದೇವರನ್ನು ನೆನೆದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ.

"ಬಾ, ನಿನ್ನ ಸೀಟಿನ್ಯಾಗ ಕುಂದ್ರು," ಅಂದ ಅಪ್ಪ.

ಬಾಗಿಲು ತೆರೆದೆ. ಒಂದು ಕಾಲು ಒಳಗಿಟ್ಟೆ. ಕೂತೆ, ಎನ್ನುವ ಹಾಗಿಲ್ಲ. ಸೊಂಟ ಸೀಟಿನ ಎರಡೂ ಕಡೆಯ ತಗಡಿಗೆ ಒತ್ತಿತು. ಮೊಣಕಾಲು ಮುಂದಿನ ಡ್ಯಾಶ್‌ಬೋರ್ಡಿಗೆ ತಾಗಿ ಗದ್ದದ ಹತ್ತಿರ ಬಂದವು. ಆ ವರ್ಷ ನಾನು ಇಡೀ ವರ್ಗಕ್ಕೆ ಉದ್ದ ಹುಡುಗಿಯಾಗಿದ್ದೆ, ಫೋಟೋದಲ್ಲಿ ಕೊನೆಯ ಸಾಲು. ಬಾಗಿಲು ಹಾಕಲು ನೋಡಿದೆ. ಅದು ನನ್ನ ತೊಡೆಗೆ ಬಡಿದು ವಾಪಸು ಬಂತು. ಮತ್ತೆ ಹಾಕಿದೆ, ಮತ್ತೆ ಬಡಿಯಿತು.

ಕಾಕಾ ಮೆಲ್ಲಗೆ ಮೊಳೆಯಿಂದ ದಾರ ಇಳಿಸಿ ತಂದ. ನನ್ನ ಬೆನ್ನಿಗೆ ಒಂದು ತುದಿ ಹಿಡಿದು ಕಾಲಿನ ಮೇಲೆ ಚಾಚಿದ. ಮೊಣಕಾಲಿನ ಗಂಟು ತೊಡೆಯ ಮೇಲೇ ಉಳಿಯಿತು. ಅವನು ಆ ಗಂಟನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ.

"ದಾರ ಸುಳ್ಳು ಹೇಳಿಲ್ಲ ಮಾಸ್ತರ್ರ," ಅಂದ. "ನಾವು ಮತ್ತ ಕೇಳಲಿಲ್ಲ ಅದನ್ನ."

"ಸೀಟು ಹಿಂದ ಸರಿಸಾಕ ಬರಂಗಿಲ್ಲೇನು?" ಅಪ್ಪ ಕೇಳಿದ.

"ಹಿಂದ ಟ್ಯಾಂಕಿ ಐತಿ. ಮುಂದಿಂದು ಒಂದ ತಗಡಿನ್ಯಾಗ ಬಡದದ್ದು. ಎಲ್ಲಾ ಒಂದಕ್ಕೊಂದು ಬೆಸದೇತಿ. ಒಂದು ಬಿಚ್ಚಿದ್ರ ಅರ್ಧಾ ಗಾಡಿ ಬಿಚ್ಚಬೇಕಾಗತೈತಿ."

ಆಗ ಅವ್ವ ಹೇಳಿದಳು. ಸಿಟ್ಟಿರಲಿಲ್ಲ, ಸೋತ ದನಿ ಇತ್ತು. "ಬೆಳಿಯೋ ಹುಡುಗಿಗೆ ಒಂದು ಲಂಗಾ ಹೊಲಸಬೇಕಾದ್ರ ನಾಲ್ಕು ಬೆರಳು ಮಡಚಿ ಬಿಡಸ್ತೇವ್ರಿ. ನನ್ನ ಒಂದು ಮಾತು ಕೇಳಿದ್ರ ಹೇಳತಿದ್ದಿಲ್ಲೇನು? ಈಗ ತಗಡಿನ ಮಡಿಕಿ ಎಲ್ಲಿಂದ ಬಿಚ್ಚತೀರಿ?"

ನಾನು ಇಳಿದೆ. ಇಳಿಯುವಾಗ ಲಂಗ ಬಾಗಿಲಿನ ಹಿಡಿಕೆಗೆ ಸಿಕ್ಕಿ ಚರ್ ಎಂದು ಹರಿಯಿತು. ಅಷ್ಟರಲ್ಲಿ ರತ್ನಾ, ಯಾರೂ ಹೇಳದೆ, ನನ್ನ ಪಕ್ಕದಿಂದ ನುಗ್ಗಿ ಸೀಟಿನಲ್ಲಿ ಕೂತಳು. ಕಾಲು ಸರಿಯಾಗಿ ನೆಲಕ್ಕೆ ತಾಗಿದವು. ಬೆನ್ನು ಸರಿಯಾಗಿ ಒರಗಿತು. ಬಾಗಿಲು ಟಕ್ ಎಂದು ಹಾಕಿಕೊಂಡಿತು. ಅವಳಿಗೆ ಆಗ ಒಂಬತ್ತು ವರ್ಷ.

"ಅಪ್ಪಾ, ಇದು ನನಗ ಬರೋಬ್ಬರಿ ಐತಿ," ಅಂದಳು. ಅವಳದೇನು ತಪ್ಪು? ಅವಳು ಕಂಡದ್ದನ್ನೇ ಹೇಳಿದ್ದಳು. ಆದರೆ ಆ ಟಕ್ ಎಂಬ ಸದ್ದು ನನ್ನ ಎದೆಯಲ್ಲಿ ಬಹಳ ವರ್ಷ ಇತ್ತು.

ಮೇ ತಿಂಗಳಲ್ಲಿ ಮುಗದ ಎಂಬ ಊರಿಗೆ ಹೋದೆವು. ಅಲ್ಲಿ ಅವ್ವನ ತವರು, ಅಜ್ಜಿ ಇದ್ದಳು. ನಾಲ್ಕು ಜನ, ಎರಡು ಸೀಟು. ಅವ್ವ, ನಾನು ಬಸ್ಸಿಗೆ. ಅಪ್ಪ, ರತ್ನಾ ಕಾರಿಗೆ. ಧಾರವಾಡ ದಾಟಿ ಸ್ವಲ್ಪ ದೂರ ಹೋದ ಮೇಲೆ ಹಿಂದೆ ಹಾರ್ನ್ ಕೇಳಿತು. ಬಸ್ಸಿನವರೆಲ್ಲ ಬಲಗಡೆಯ ಕಿಟಕಿಗೆ ಬಾಗಿದರು. ಕೆಂಪು ಕಾರು ನಮ್ಮನ್ನು ದಾಟಿ ಹೋಯಿತು. ರತ್ನಾ ತಲೆಗೆ ಸ್ಕಾರ್ಫು ಕಟ್ಟಿದ್ದಳು, ಅದು ನನ್ನದು. ಮೇಲೆ ನೋಡಿ ಕೈ ಬೀಸಿದಳು. ಹಿಂದಿನ ಸೀಟಿನ ಮುದುಕನೊಬ್ಬ, "ಯಾರವಾ ಅವರು?" ಎಂದು ನನ್ನನ್ನೇ ಕೇಳಿದ. "ಗೊತ್ತಿಲ್ಲರಿ," ಅಂದೆ. ಪಕ್ಕದಲ್ಲಿ ಅವ್ವ ಕಣ್ಣು ಮುಚ್ಚಿ ಬಾಯಿಗೆ ಲಿಂಬೆಹಣ್ಣು ಹಿಡಿದು ಕೂತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ.

ಮುಗದಲ್ಲಿ ಊರಿಗೆ ಊರೇ ಕಾರಿನ ಸುತ್ತ. ಒಬ್ಬರು, "ಎಷ್ಟು ಕೊಡತೈತ್ರೀ ಲೀಟರಿಗೆ?" ಎಂದರು. ಇನ್ನೊಬ್ಬರು, "ಹಿಂದ ಸೀಟಿಲ್ಲ, ಹಂಗಾದ್ರ ಚೀಲಾ ಎಲ್ಲಿ ಇಡತೀರಿ ಮಾಸ್ತರ್ರ?" ಎಂದರು. ಅಜ್ಜಿ ಆಪೂಸು ಹಣ್ಣಿನ ಸೀಕರಣೆ ಮಾಡಿ ಕಾಯುತ್ತಿದ್ದರೆ ಅಪ್ಪ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದ. "ಎಡಕ್ಕ ಏನೋ ಕಟಕಟ ಅಂತೈತಿ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಬರುವಾಗ ಗಿಡ ನೋಡಿದ್ದಿಲ್ಲ, ಕೆರೆ ನೋಡಿದ್ದಿಲ್ಲ. ಇಡೀ ದಾರಿ ಆ ಕಟಕಟವನ್ನೇ ಕೇಳುತ್ತ ಬಂದಿದ್ದ.

"ನೀ ಯಾಕವ್ವಾ ಬಸ್ಸಿನ್ಯಾಗ ಬಂದಿ?" ಅಜ್ಜಿ ನನ್ನನ್ನು ಕೇಳಿದಳು.

"ನನಗ ಗಾಡಿ ಅಂದ್ರ ವಾಂತಿ," ಅಂದೆ.

ಆ ಬೇಸಿಗೆ ನನ್ನ ಅಪ್ಪ ಬೇರೆಯವನಾದ. ನಾಲ್ಕು ವರ್ಷ ಭಾನುವಾರ ಬೆಳಗಾದರೆ ಸಿಳ್ಳೆ ಹಾಕುತ್ತ ಎದ್ದವನು, ಈಗ ಕಟ್ಟೆಯ ಮೇಲೆ ಕೂತು ಪೇಪರಿನ ಒಂದೇ ಪುಟ ಹಿಡಿದಿರುತ್ತಿದ್ದ. ಎದುರಿಗೆ ತಾಡಪತ್ರಿ ಹೊದ್ದ ಕಾರು. ಮೊದಮೊದಲು ದಿನಾ ಒರೆಸಿದ, ದಿನಾ ಒಂದು ಸುತ್ತು ಹಾಕಿದ. "ಹೊಸದರಾಗ ಅಗಸಾ ಗೋಣಿ ಎತ್ತೆತ್ತಿ ಒಗದನಂತ," ಎಂದು ಅವ್ವ ನನ್ನ ಕಿವಿಯಲ್ಲಿ ಅಂದಳು. ಆಮೇಲೆ ಎರಡು ದಿನಕ್ಕೊಮ್ಮೆ. ಆಮೇಲೆ ಇಲ್ಲ. ಅವನಿಗೆ ಮಾಡಲು ಏನೂ ಉಳಿದಿರಲಿಲ್ಲ. ಮತ್ತು ಓಡಿಸಿದಾಗಲೆಲ್ಲ ಪಕ್ಕದಲ್ಲಿ ಯಾರನ್ನು ಕೂಡಿಸಿಕೊಂಡರೂ ಇನ್ನೊಬ್ಬರನ್ನು ಬಿಟ್ಟುಹೋದಂತಾಗುತ್ತಿತ್ತು. ಇದು ನಾನು ಈಗ ಮಾಡುವ ಊಹೆ. ಆಗ ನನಗೆ ಅವನ ಮೇಲೆ ಬರೀ ಸಿಟ್ಟಿತ್ತು. ಮಾತಿಗೊಂದು ಮಾತು ಎದುರಾಡುತ್ತಿದ್ದೆ, ಇಲ್ಲವೇ ಆಡುತ್ತಲೇ ಇರಲಿಲ್ಲ. ರತ್ನಾ ಮಾತ್ರ ತಾಡಪತ್ರಿಯ ಕೆಳಗೆ ನುಸುಳಿ ಸೀಟಿನಲ್ಲಿ ಕೂತು ತನ್ನ ಗೊಂಬೆಗೆ ಊಟ ಮಾಡಿಸುತ್ತಿದ್ದಳು.

ಶಾಲೆ ಶುರುವಾಗಲು ಇನ್ನೊಂದು ವಾರ ಇದ್ದಾಗ ಬೆಳಗಾವಿ ಕಡೆಯ ಒಬ್ಬ ಗುತ್ತಿಗೆದಾರರು ಮನೆಗೆ ಬಂದರು. ಕಾರನ್ನು ಎಲ್ಲೋ ರಸ್ತೆಯಲ್ಲಿ ನೋಡಿ, ವಿಚಾರಿಸಿಕೊಂಡು ಬಂದಿದ್ದರು. ಒಳ್ಳೆಯ ಮನುಷ್ಯ. ಕೈಯಲ್ಲಿ ಕುಂದಾದ ಡಬ್ಬಿ ಹಿಡಿದು ಬಂದವರು, ಕಾರಿನ ಸುತ್ತ ಚಪ್ಪಲಿ ಬಿಟ್ಟು ಓಡಾಡಿದರು. ಅಪ್ಪನ ಮುಖದಲ್ಲಿ ಆ ಬೇಸಿಗೆಯಲ್ಲಿ ಮೊದಲ ಸಲ ಬಣ್ಣ ಬಂತು. ಮಡ್‌ಗಾರ್ಡು ಎಷ್ಟು ಸಲ ಬಡಿದದ್ದು, ಮೆಣಸಿನಕಾಯಿ ಎಲ್ಲಿ ಚುಚ್ಚಿದ್ದು, ಎಲ್ಲ ಹೇಳಿದ. ಚಹಾ ಆದ ಮೇಲೆ ಅವರು ಮೆಲ್ಲಗೆ ಕೇಳಿದರು. ಅಪ್ಪ ಎದ್ದು ಹಿತ್ತಲಿಗೆ ಬಂದ. ನಾನು ಅಲ್ಲಿ ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದೆ.

"ಸುಮಿ," ಅಂದ. "ಅವರು ಗಾಡಿ ಕೇಳಾಕತ್ತಾರ."

ನಾನು ಸುಲಿಯುತ್ತಲೇ ಇದ್ದೆ.

"ಎರಡನೇ ಸೀಟು ನಿಂದು. ಇದನ್ನ ಅವರಿಗೂ ಹೇಳೇನಿ. ನೀ ಬ್ಯಾಡ ಅಂದ್ರ ಬ್ಯಾಡ. ಏನ್ ಮಾಡೂಣ?"

ಅವನ ಹಿಂದೆ ಬಾಗಿಲ ಸಂದಿಯಲ್ಲಿ ರತ್ನಾ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನನ್ನನ್ನೇ ನೋಡುತ್ತ, ಬಾಯಿ ತೆರೆಯದೆ, ಬ್ಯಾಡ ಬ್ಯಾಡ ಎಂದು ತಲೆ ಅಲ್ಲಾಡಿಸಿದಳು. ಅವಳ ಕಣ್ಣು ತುಂಬಿದ್ದವು. ಆ ಸೀಟು ಅವಳಿಗೆ ಅಷ್ಟು ಬೇಕಾಗಿತ್ತು ಎಂಬುದನ್ನು ನೋಡಿದೆ, ನೋಡಿಯೇ ಹೇಳಿದೆ.

"ಕೊಟ್ಟುಬಿಡು."

"ಖರೇನ?"

"ಖರೇ. ನನಗೇನ್ ಬೇಕಾಗಿಲ್ಲ ಅದು."

ನಾನು ಒಂದು ಶೇಂಗಾಕಾಯಿಯನ್ನೇ ಎರಡು ಸಲ ಸುಲಿದೆ. ಆಮೇಲೆ ಅಪ್ಪನ ಹೆಜ್ಜೆಯ ಸದ್ದು ಒಳಗೆ ಹೋಯಿತು.

ಕಾರು ಹೋದ ದಿನ ಕಾಕಾ ಬಂದಿದ್ದ. ತನ್ನ ಹೆಗಲ ಮೇಲಿನ ವಸ್ತ್ರದಿಂದ ಬಾನೆಟ್ಟು ಒರೆಸಿದ, ಬಾಗಿಲುಗಳನ್ನು ಒಂದೊಂದು ಸಲ ತೆರೆದು ಹಾಕಿದ. ಅಪ್ಪನಿಗೆ "ನಾ ಅಂದಿದ್ದಿಲ್ಲೇನು" ಅಂತ ಅನ್ನಲಿಲ್ಲ. ಮೋಡ ಕವಿದು ಗಾಳಿ ಎದ್ದಿತ್ತು. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಕಾಕಾ ಕಿಸೆಯಿಂದ ದಾರದ ಸಣ್ಣ ಉಂಡೆ ತೆಗೆದು ನನ್ನ ಕೈಯಲ್ಲಿಟ್ಟ.

"ಇದು ನಿಂದವ್ವಾ. ಗಾಡಿ ಹೋದ್ರ ಹೋಗಲಿ. ಜ್ವಾಪಾನ ಇಟ್ಕೋ."

ಅವನು ಹೋಗುವುದನ್ನೇ ಕಾದು, ಮನೆಯ ಹಿಂದಿನ ಗಟಾರಕ್ಕೆ ಒಗೆದೆ. ಸಂಜೆ ಮಳೆ ಬಂತು, ವರ್ಷದ ಮೊದಲ ಮಳೆ. ಬೆಳಗ್ಗೆ ಹೋಗಿ ನೋಡಿದೆ. ಸುಳ್ಳು ಯಾಕೆ ಹೇಳಲಿ, ಹೋಗಿ ಕೋಲಿನಿಂದ ಕೆದಕಿಯೂ ನೋಡಿದೆ. ಇರಲಿಲ್ಲ.

ರತ್ನಾ ಎರಡು ದಿನ ಅತ್ತು ಮೂರನೆಯ ದಿನ ಮರೆತಳು. ನಾನು ಮರೆಯಲಿಲ್ಲ. ಭಾನುವಾರಗಳು ಹೋದವು. ಹಳೇ ಹುಬ್ಬಳ್ಳಿಗೆ ಹೋಗಲು ಕಾರಣ ಉಳಿಯಲಿಲ್ಲ. ಅಪ್ಪ ಒಂದೆರಡು ಸಲ, "ಬರ್ತೀಯೇನು, ಗಿರ್ಮಿಟ್ಟು ತಿಂದು ಬರೂಣ," ಎಂದ. ಸಾಲಿ ಅಭ್ಯಾಸ ಐತಿ, ಅಂದೆ. ಮೂರನೆಯ ಸಲ ಕೇಳಲಿಲ್ಲ. ಅವನು ಮತ್ತೆ ಕಾರಿನ ಚಿತ್ರ ಬರೆದದ್ದನ್ನು ನಾನು ನೋಡಿಲ್ಲ. ನನ್ನ ಒಂದು ಮಾತಿನಿಂದ ಅವನ ಕಾರು ಹೋಯಿತು, ಅದೂ ತಂಗಿಯ ಮೇಲಿನ ಹೊಟ್ಟೆಕಿಚ್ಚಿಗೆ, ಎಂದುಕೊಂಡೇ ನಾನು ಕಾಲೇಜು ಮುಗಿಸಿದೆ, ಮದುವೆಯಾದೆ, ಮಗಳನ್ನು ಹೆತ್ತೆ. ಈಗ ಮೊಬೈಲಿನಲ್ಲಿ ಎಲ್ಲೆಲ್ಲಿಯವರೋ ತಮ್ಮ ಕೈಯಾರೆ ಕಟ್ಟಿದ ಕಾರು ತೋರಿಸುತ್ತಾರೆ. ನಾಲ್ಕು ತಿಂಗಳಿಗೆ ಅದೇ ಕಾರು ಮಾರಾಟಕ್ಕಿದೆ ಎಂದು ಬರುತ್ತದೆ. ಕೆಳಗೆ ಜನ, ಯಾಕೆ ಸ್ವಾಮಿ, ಎಂದು ಕೇಳಿರುತ್ತಾರೆ. ನಾನು ಉತ್ತರ ಇದೆಯೇನೋ ಎಂದು ಕೊನೆಯತನಕ ಓದುತ್ತೇನೆ. ಇರುವುದಿಲ್ಲ.

ಅಪ್ಪ ಈಗ ರತ್ನಾಳ ಜೊತೆ ಗೋಪನಕೊಪ್ಪದ ಅದೇ ಮನೆಯಲ್ಲಿದ್ದಾನೆ. ಅವ್ವ ಹೋಗಿ ಆರು ವರ್ಷ. ದಾದಾಪೀರ್ ಕಾಕಾ ಅದಕ್ಕೂ ಮೊದಲೇ ಹೋದ. ಶೆಡ್ಡಿದ್ದ ಕಡೆ ಮೊಬೈಲ್ ರಿಪೇರಿಯ ಮಳಿಗೆ ಬಂದಿದೆ. ನಾನು ಧಾರವಾಡದಲ್ಲಿ ಲೆಕ್ಕ ಕಲಿಸುತ್ತೇನೆ. ಹೋದ ತಿಂಗಳು ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ನನ್ನ ಕಾರಿನ ಮುಂದಿನ ಸೀಟಿನಲ್ಲಿ ಕೂತ. ಮುಪ್ಪಿನಲ್ಲಿ ಕುಗ್ಗಿದ್ದಾನೆ, ಕಾಲು ನೆಟ್ಟಗೆ ನೆಲಕ್ಕೆ ತಾಗಲಿಲ್ಲ. ನಾನು ಬಾಗಿ ಕೆಳಗಿನ ಹಿಡಿಕೆ ಎತ್ತಿ ಸೀಟನ್ನು ಮುಂದಕ್ಕೆ ಸರಿಸಿದೆ. ಅಪ್ಪ ಸೀಟಿನ ಕೆಳಗೆ ನೋಡಿದ, ಮತ್ತೆ ನನ್ನನ್ನು ನೋಡಿದ.

"ಇದು ಸರೀತೈತಲ್ಲ," ಅಂದ.

ಇಪ್ಪತ್ತೈದು ವರ್ಷದ ಮೇಲೆ ಕೇಳಿದೆ. ರಸ್ತೆಯ ಮೇಲೆ ಕಣ್ಣಿಟ್ಟು ಕೇಳಿದೆ, ಮುಖ ನೋಡಿ ಕೇಳಲು ಧೈರ್ಯವಿರಲಿಲ್ಲ. "ಅಪ್ಪಾ, ಅವತ್ತು ನಾ ಬ್ಯಾಡ ಅಂದಿದ್ರ ಇಟ್ಕೋತಿದ್ದೇನು?"

ಅವನು ಕೈಯಿಂದ ಸೀಟಿನ ಹಿಡಿಕೆ ತಡವಿದ. ಮರೆತಿದ್ದಾನೆ ಅಂದುಕೊಂಡೆ.

"ಮಾರಬೇಕು ಅಂತ ನನಗ ಮೊದಲ ಅನಸಿತ್ತವಾ," ಅಂದ. "ಮುಗಿದ ದಿನಾನ ಅನಸಿತ್ತು. ನೀ ಇಳದಿ ನೋಡು, ಲಂಗಾ ಹರೀತು, ಆವಾಗ. ಗಾಡಿ ನೋಡಿದಾಗೆಲ್ಲಾ ನನಗ ಅದ ಕಾಣತಿತ್ತು. ಆದ್ರ ಮಾರಂಗಿಲ್ಲ ಅಂತ ದಾದಾಪೀರನ ಮುಂದ ಅಂದುಬಿಟ್ಟಿದ್ದೆ. ನಿನ್ನ ಮುಂದ ಅಂದಿದ್ದೆ. ಹಂಗಾಗಿ ನಿನ್ನ ಕೇಳಿದೆ." ಕನ್ನಡಕ ತೆಗೆದು ಮಡಿಲಲ್ಲಿಟ್ಟ. "ನೀ ಸಿಟ್ಟಿನ್ಯಾಗ ಇದ್ದಿ, ಕೊಡು ಅಂತೀ ಅಂತ ಗೊತ್ತಿತ್ತು. ನಿನ್ನ ಬಾಯಿಂದ ಅನಿಸಿ ಮಾರಿದೆ. ಹದಿಮೂರು ವರ್ಷದ ಹುಡುಗಿ ಮ್ಯಾಲ ಹಾಕಿದೆ. ಅವತ್ತಿಂದ ನಿನ್ನ ಮುಖಾ ನೋಡಿ ಮಾತಾಡಾಕ ಆಗಲಿಲ್ಲ ನನಗ."

ಗಾಡಿಯನ್ನು ಬದಿಗೆ ಹಾಕಿ ನಿಲ್ಲಿಸಿದೆ. ಸಿಟ್ಟು ಬರಬೇಕಿತ್ತು. ಬಂತು ಕೂಡ, ಒಂದು ಕ್ಷಣ. ಅವನು ನನಗೆ ಅಂಜಿ, ನಾನು ಅವನಿಗೆ ಅಂಜಿ, ಒಂದೇ ಮನೆಯಲ್ಲಿ ಅಷ್ಟು ಭಾನುವಾರಗಳನ್ನು ಹಾಳುಮಾಡಿದ್ದೆವು. ಅವನ ಕೈ ಸೀಟಿನ ಹಿಡಿಕೆಯ ಮೇಲೆ ಇತ್ತು. ಆ ಕೈ ಹಿಡಿದುಕೊಂಡು ಕೂತೆ.

"ದಾರ ಕೊಟ್ಟಿದ್ದನಲ್ಲ ದಾದಾಪೀರ," ಅಂದ ಅಪ್ಪ. "ಇಟ್ಟೀಯೇನು?"

"ಐತಪಾ," ಅಂದೆ. ಬಾಯಿಗೆ ಬಂದದ್ದೇ ಅದು.

ಅವನ ಮುಖ ಅರಳಿತು. "ಹಂಗಾದ್ರ ಒಮ್ಮೆ ತೊಗೊಂಡು ಬಾ. ಕಣ್ಣು ಪೂರಾ ಹೋಗೂದ್ರಾಗ ಒಮ್ಮೆ ನೋಡಬೇಕು. ನೀ ಎಷ್ಟಿದ್ದಿ ಅಂತ."

ಮರುದಿನ ಗಟ್ಟಿ ದಾರ ತಂದು ಮೇಣ ತಿಕ್ಕಿದೆ. ಹಳತು ಕಾಣಲಿ ಎಂದು ಚಹಾದ ನೀರಿನಲ್ಲಿ ಅದ್ದಿ ಒಣಗಿಸಿದೆ. ನಿನ್ನೆ ಭಾನುವಾರ, ಮಧ್ಯಾಹ್ನ ಅದನ್ನು ಹಿಡಿದು ನೆಲದ ಮೇಲೆ ಕಾಲು ಚಾಚಿ ಕೂತೆ, ಮೊದಲ ಗಂಟು ಹಾಕಲು. ಬೆನ್ನಿನಿಂದ ಮೊಣಕಾಲಿಗೆ. ಎರಡು ಸಲ ಹಾಕಿ ಬಿಚ್ಚಿದೆ. ದಿನವೂ ಮಕ್ಕಳಿಗೆ ಅಳತೆಯ ಲೆಕ್ಕ ಹೇಳಿಕೊಡುವವಳು ನಾನು. ಅಪ್ಪನ ಸ್ಕೂಟರಿನ ಮುಂದೆ ನಿಂತು ಹೋಗುತ್ತಿದ್ದ ಆ ಹುಡುಗಿ ಎಷ್ಟು ಉದ್ದ ಇದ್ದಳು ಎಂಬುದು ನನಗೆ ಗೊತ್ತಿಲ್ಲ.